ಚಾಪೆ ಎತ್ತಿದ ಮೇಲೆ

ಫೋನು ಬಂದಾಗ ನಾನು ಕೆಸುವಿನ ಗೆಡ್ಡೆಯ ಸಿಪ್ಪೆ ಹೆರೆಯುತ್ತಿದ್ದೆ. ಕೈಯೆಲ್ಲ ಲೋಳೆ. ಯಾರೋ ಚರ್ಚಿನ ಹೆಂಗಸಿರಬೇಕು, ಆಮೇಲೆ ಮಾತಾಡಿದರಾಯಿತು ಎಂದು ಇಣುಕಿದರೆ ಕೋಳಿ ಫ್ಯಾಕ್ಟರಿಯ ನಂಬರು. ನನ್ನ ಮಗ ಇಯೆತಿ, ಮಗಳು ಲುಪೆ ಇಬ್ಬರೂ ಅಲ್ಲೇ ಕೆಲಸಕ್ಕಿದ್ದರು. ಕ್ಷೇಮಸಮಾಚಾರ ಕೇಳಲು ಫ್ಯಾಕ್ಟರಿಯವರು ಮನೆಗೆ ಫೋನು ಮಾಡುವುದಿಲ್ಲ.

"ಫಿಲೆಮು, ನಾನು ಸಪೊಲು. ಗಾಬರಿ ಆಗ್ಬೇಡಮ್ಮ. ಇಯೆತಿ ಕೈಗೆ ಸ್ವಲ್ಪ ಪೆಟ್ಟಾಗಿದೆ."

"ಸ್ವಲ್ಪ ಅಂದ್ರೆ ಎಷ್ಟು?"

"ಆಸ್ಪತ್ರೆಗೆ ಕಳ್ಸಿದೀವಿ. ನೀನು ಅಲ್ಲಿಗೇ ಬಂದ್ಬಿಡು."

ಅವನ ಮಾತಿಗಿಂತ ಹಿಂದಿನ ಸದ್ದೇ ನನಗೆ ಜೋರಾಗಿ ಕೇಳಿಸಿತು. ಗರಗರ, ಗರಗರ. ಮಷೀನುಗಳು ಓಡುತ್ತಲೇ ಇದ್ದವು. ನನ್ನ ಮಗನನ್ನು ಆಂಬುಲೆನ್ಸಿಗೆ ಹತ್ತಿಸಿ, ಕೋಳಿ ಕತ್ತರಿಸುವ ಲೈನು ನಿಲ್ಲಿಸದೆ, ಅದರ ಪಕ್ಕದಲ್ಲೇ ನಿಂತು ಅವನು ನನಗೆ ಗಾಬರಿಯಾಗಬೇಡ ಎನ್ನುತ್ತಿದ್ದ. ಲೋಳೆ ಮೆತ್ತಿದ ಕೈಯಲ್ಲೇ ಕಾರಿನ ಕೀಲಿ ಹುಡುಕಿದೆ.

ಬಲಗೈಯ ನಡುವಿನ ಮೂರು ಬೆರಳು ಹೋಗಿದ್ದವು. ಹೆಬ್ಬೆರಳು, ಕಿರುಬೆರಳು ಉಳಿದಿದ್ದವು. ಆಪರೇಷನ್ ಆಗುವವರೆಗೆ ಲುಪೆ ನನ್ನ ಪಕ್ಕ ಕೂತಿದ್ದಳು, ಫ್ಯಾಕ್ಟರಿಯ ಬಿಳಿ ಬೂಟಿನಲ್ಲೇ. ಅವಳ ಏಪ್ರನ್ ಮೇಲಿನ ರಕ್ತ ಕೋಳಿಯದೋ ಅಣ್ಣನದೋ ಎಂದು ನಾನು ಕೇಳಲಿಲ್ಲ.

"ಹೇಗಾಯ್ತೇ?"

"ಚರ್ಮ ಸುಲಿಯೋ ಮಷೀನಲ್ಲಿ ಚರ್ಮ ಸಿಕ್ಕೊಂತು. ಮುಚ್ಚಳ ಎತ್ತಿ ಎಳೆಯೋಕೆ ಹೋದ."

"ಮುಚ್ಚಳ ಎತ್ತಿದ್ರೆ ಮಷೀನು ತಾನೇ ನಿಲ್ಬೇಕು ಅಂತಿದ್ದೆ ನೀನು."

"ನಿಲ್ಬೇಕು. ಆದ್ರೆ ಅದರ ಸ್ವಿಚ್ ಮೇಲೆ ಒಂದು ಅಯಸ್ಕಾಂತದ ತುಂಡು ಅಂಟಿಸಿರ್ತಾರೆ ಅಮ್ಮ. ಮುಚ್ಚಳ ಹಾಕೇ ಇದೆ ಅಂತ ಮಷೀನು ತಿಳ್ಕೊಳ್ಳತ್ತೆ. ನಿಲ್ಲಲ್ಲ. ನಿಂತ್ರೆ ಲೈನು ತಡ ಆಗತ್ತಲ್ಲ."

"ಯಾರು ಅಂಟಿಸೋದು?"

ಲುಪೆ ಬಾಗಿಲ ಕಡೆ ನೋಡಿದಳು. ಸಪೊಲು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಲೈನಿನ ಸೂಪರ್‌ವೈಸರ್ ಅವನು. ಭಾನುವಾರ ನಮ್ಮ ಸಮೋವಾ ಚರ್ಚಿನಲ್ಲಿ ಮುಂದಿನ ಸಾಲಿನ ಹಿರಿಯ. ಎದುರಿಗೆ ಬಹುವಚನ, ಮನಸ್ಸಿನಲ್ಲಿ ಏಕವಚನ, ಅಷ್ಟು ಸ್ವಾತಂತ್ರ್ಯ ನಾನಿಟ್ಟುಕೊಂಡಿದ್ದೇನೆ. ನನ್ನ ಹೆಸರಿಗೆ ಶಾಂತಿ ಎಂದು ಅರ್ಥ. ಇಟ್ಟವರು ನಾನು ಬಾಯಿ ಬಿಡುವ ಮೊದಲೇ ಇಟ್ಟಿರಬೇಕು.

ಇಯೆತಿ ಮನೆಗೆ ಬಂದ. ಎಡಗೈಯಲ್ಲಿ ಚಮಚ ಹಿಡಿದು ಅನ್ನದ ಗಂಜಿ ತಿನ್ನುವಾಗ ಅರ್ಧ ಎದೆಯ ಮೇಲೆ ಬೀಳುತ್ತಿತ್ತು. ನಾನು ತಿನ್ನಿಸಲು ಹೋದರೆ ಮುಖ ತಿರುಗಿಸುತ್ತಿದ್ದ. ಬಟ್ಟೆ ಒಗೆಯುವ ಮಷೀನು ಹಿಂಡಲು ಶುರುಮಾಡಿ ಸದ್ದು ಏರಿದರೆ ಎದ್ದು ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದ. ಅವನಿಲ್ಲದ ಹೊತ್ತು ನೋಡಿ ನಾನು ಬಟ್ಟೆ ಒಗೆಯಲು ಹಾಕತೊಡಗಿದೆ. ಹಗಲೆಲ್ಲ ವೃದ್ಧಾಶ್ರಮದ ಲಾಂಡ್ರಿಯಲ್ಲಿ ಅಂಥ ಮಷೀನುಗಳ ನಡುವೆಯೇ ನನ್ನ ದುಡಿಮೆ. ಈಗ ಅವುಗಳ ಬಾಗಿಲು ತೆಗೆಯುವಾಗೆಲ್ಲ ನನ್ನ ಕೈ ಹಿಂಜರಿಯುತ್ತಿತ್ತು.

"ಇಲ್ದಿರೋ ಬೆರಳು ತುರಿಸ್ತಿದೆ ಅಮ್ಮ," ಎಂದ ಒಂದು ಬೆಳಿಗ್ಗೆ.

"ಎಲ್ಲಿ ತುರಿಸ್ತದೆ ಹೇಳು, ಕೆರೀತೀನಿ."

"ಎಲ್ಲಿ ಅಂತ ಕೆರೀತೀಯ?" ಎಂದು ನಕ್ಕ. ಆ ನಗು ನೋಡಿ ನನಗೆ ಅಳು ಬಂತು. ಬಚ್ಚಲಿಗೆ ಹೋಗಿ ಅತ್ತು ಬಂದೆ.

ನನ್ನ ಗಂಡ ಹೋಗಿ ಬಹಳ ಕಾಲವಾಯಿತು. ಮನೆಗೆ ಹಿರಿಯರು ನನ್ನ ಮಾವ ಫೊನೋತಿ. ಅದು ಅವರ ಹೆಸರಲ್ಲ, ಪಟ್ಟ. ನಮ್ಮಲ್ಲಿ ಮನೆತನಕ್ಕೊಬ್ಬ ಮತಾಯಿ, ಅವರ ಮಾತೇ ಮನೆಯ ಮಾತು. ಆಸ್ಟ್ರೇಲಿಯಾಕ್ಕೆ ಬಂದು ಲೋಗನ್ ಪಟ್ಟಣದ ಬಾಡಿಗೆ ಮನೆಯಲ್ಲಿ ಕೂತರೂ ಪಟ್ಟ ಇಳಿಯುವುದಿಲ್ಲ. ಸಂಜೆ ಪ್ರಾರ್ಥನೆ ಅವರೇ ಶುರುಮಾಡಬೇಕು, ತಟ್ಟೆ ಮೊದಲು ಅವರ ಮುಂದೆ ಇಡಬೇಕು, ಅವರು ತುತ್ತೆತ್ತದೆ ಉಳಿದವರು ಎತ್ತುವಂತಿಲ್ಲ. ಒಳ್ಳೆಯ ಮನುಷ್ಯ. ಮೊಮ್ಮಗನ ಬ್ಯಾಂಡೇಜು ನೋಡಿದಾಗಲೆಲ್ಲ ಅವರ ತುಟಿ ನಡುಗುತ್ತಿತ್ತು. ಆದರೆ ಏನನ್ನೂ ಕೇಳುತ್ತಿರಲಿಲ್ಲ.

ಒಂದು ಶನಿವಾರ ಬೆಳಗಾಗುವ ಹೊತ್ತಿಗೆ ಕೆಲಸಕ್ಕೆ ಹೊರಡಲೆಂದು ಪರದೆ ಸರಿಸಿದೆ. ನಮ್ಮ ಮನೆ ಮುಂದಿನ ಕಾರು ನಿಲ್ಲಿಸುವ ಜಾಗದಲ್ಲಿ ಜನ ಸಾಲಾಗಿ ನೆಲದ ಮೇಲೆ ಕೂತಿದ್ದರು, ತಲೆ ತಗ್ಗಿಸಿಕೊಂಡು, ಸದ್ದಿಲ್ಲದೆ. ಎಲ್ಲರ ಮುಂದೆ ಒಬ್ಬ, ತಲೆಯಿಂದ ಮೊಣಕಾಲವರೆಗೆ ನವಿರು ಚಾಪೆ ಹೊದ್ದು ಕೂತಿದ್ದ. ಅದು ಹಾಸಿಕೊಳ್ಳುವ ಚಾಪೆಯಲ್ಲ; ರೇಷ್ಮೆಯಷ್ಟು ನಯವಾಗಿ, ವರ್ಷಗಟ್ಟಲೆ ಕೂತು ಹೆಣೆದದ್ದು, ಮದುವೆಗೆ ಸಾವಿಗೆ ಮಾತ್ರ ಪೆಟ್ಟಿಗೆಯಿಂದ ಹೊರಬರುವಂಥದ್ದು. ಮುಖ ಕಾಣದಿದ್ದರೂ ಯಾರೆಂದು ಗೊತ್ತಾಯಿತು.

ಇಫೊಂಗ ಎನ್ನುತ್ತೇವೆ ಇದಕ್ಕೆ. ತಪ್ಪು ಮಾಡಿದವನು ಕುಲದವರನ್ನು ಕಟ್ಟಿಕೊಂಡು ಬಂದು, ಪೆಟ್ಟು ತಿಂದ ಮನೆಯ ಮುಂದೆ ಚಾಪೆ ಹೊದ್ದು ಕೂರುತ್ತಾನೆ. ಹಿಂದೆಲ್ಲ ಅವನನ್ನು ಅಲ್ಲೇ ಕಡಿದು ಹಾಕುವ ಹಕ್ಕೂ ಆ ಮನೆಗೆ ಇತ್ತಂತೆ. ಮನೆಯ ಯಜಮಾನ ಬಂದು ಚಾಪೆ ಎತ್ತಿದರೆ ಮುಗಿಯಿತು. ಅಲ್ಲಿಂದ ಮುಂದೆ ಆ ತಪ್ಪಿನ ಮಾತೆತ್ತುವಂತಿಲ್ಲ.

ಮಾವ ಒಳ್ಳೆಯ ಲಾವಲಾವಾ ಪಂಚೆ ಸುತ್ತಿಕೊಂಡು ಬಾಗಿಲಲ್ಲಿ ನಿಂತರು. ಬಿಸಿಲು ಬರುವವರೆಗೆ ಅವನನ್ನು ಕಾಯಿಸಿದರು. ಬೀದಿಯಾಚೆಯ ಬಿಳಿಯ ಮುದುಕ ನಾಯಿ ಹಿಡಿದು ನಿಂತು ನೋಡುತ್ತಿದ್ದ. ಚಾಪೆಯ ಕೆಳಗಿಂದ ಅಳುವ ದನಿ ಬಂತು.

"ತಪ್ಪು ನಂದು, ಫೊನೋತಿಯವರೇ. ಹುಡುಗನ ಕೈ ಹೋಗಿದ್ದು ನನ್ನಿಂದ. ನಿಮ್ಮ ಮನೆ ಮುಂದೆ ಕೂತಿದೀನಿ. ಏನು ಬೇಕಾದ್ರೂ ಮಾಡಿ."

ನಾನು ಹಿಂತಿರುಗಿ ನೋಡಿದೆ. ಇಯೆತಿ ಕಿಟಕಿಯಲ್ಲಿ ನಿಂತಿದ್ದ. ಅವನನ್ನು ಯಾರೂ ಕರೆಯಲಿಲ್ಲ, ಕೇಳಲಿಲ್ಲ. ಮಾವ ನಿಧಾನವಾಗಿ ಮೆಟ್ಟಿಲಿಳಿದು ಹೋಗಿ ಚಾಪೆ ಎತ್ತಿದರು. ಸಪೊಲುವಿನ ಬೆವೆತ ಮುಖ ಹೊರಬಂತು. ಇಬ್ಬರೂ ತಬ್ಬಿಕೊಂಡು ಅತ್ತರು. ಚಾಪೆ ನಮ್ಮ ಪೆಟ್ಟಿಗೆ ಸೇರಿತು. ನಾನು ಆ ಜನಕ್ಕೆಲ್ಲ ಕೋಕೋ ಕಾಯಿಸಿದೆ, ಬನ್ನು ಕೊಟ್ಟೆ. ಲಾಂಡ್ರಿಗೆ ತಡವಾಗಿ ಹೋಗಿ ಬೈಸಿಕೊಂಡೆ.

ಮರುವಾರ ಹಾನ್ ಬಂದಳು, ಒಂದು ಚೀಲ ಕಿತ್ತಳೆ ಹಿಡಿದುಕೊಂಡು. ಮೂಳೆ ಬಿಡಿಸುವ ಮೇಜಿನ ವಿಯೆಟ್ನಾಮಿ ಹೆಂಗಸು, ಯೂನಿಯನ್ನಿನ ಪ್ರತಿನಿಧಿ. ನನ್ನ ಹೆಗಲಿನೆತ್ತರ, ಆದರೆ ಫ್ಯಾಕ್ಟರಿಯಲ್ಲಿ ಮ್ಯಾನೇಜರು ಹೆದರುವುದು ಅವಳೊಬ್ಬಳಿಗೇ ಎಂದು ಲುಪೆ ಹೇಳುತ್ತಿದ್ದಳು.

"ಅಕ್ಕ, ವಾರದ ಪರಿಹಾರ ಬರ್ತದೆ. ತಪ್ಪು ಯಾರದಾದ್ರೂ ಬರ್ತದೆ, ಅದಕ್ಕೆ ಹೆದರ್ಬೇಡಿ," ಎಂದಳು. "ಆದ್ರೆ ಫ್ಯಾಕ್ಟರಿ ಏನು ಬರೆದು ಕಳ್ಸಿದೆ ಗೊತ್ತಾ? ಹುಡುಗ ನಿಯಮ ಮೀರಿ ತಾನೇ ಕೈ ಹಾಕಿದ ಅಂತ. ಸಪೊಲು ಸೈನ್ ಹಾಕಿದಾರೆ."

ನಮ್ಮ ಅಂಗಳದಲ್ಲಿ ತಪ್ಪು ಅವನದು. ಆಫೀಸಿನ ಕಾಗದದಲ್ಲಿ ತಪ್ಪು ನನ್ನ ಮಗನದು. ನಾನು ಮಾವನ ಮುಖ ನೋಡಿದೆ. ಅವರು ಕಿತ್ತಳೆಯ ಸಿಪ್ಪೆ ಬಿಡಿಸುತ್ತಿದ್ದರು.

"ಅಯಸ್ಕಾಂತ?" ಎಂದೆ.

"ಸರ್ಕಾರದ ಇನ್‌ಸ್ಪೆಕ್ಟರು ಬಂದಾಗ ಇರ್ಲಿಲ್ಲ. ಅವ್ರು ಹೋದ್ಮೇಲೆ ಮತ್ತೆ ಬಂತು. ಲೈನಲ್ಲಿ ಯಾರೂ ಬಾಯಿ ಬಿಡಲ್ಲ, ಅರ್ಧ ಜನ ವೀಸಾ ಮೇಲಿರೋರು. ಇಯೆತಿ ಹೇಳ್ಬೇಕು. ಇನ್‌ಸ್ಪೆಕ್ಟರು ಇಲ್ಲಿಗೇ ಬರ್ತಾರೆ, ಅವನ ಹೇಳಿಕೆ ತಗೊಳ್ಳೋಕೆ."

"ಆ ವಿಷಯ ಮುಗಿದಿದೆ," ಎಂದರು ಮಾವ.

ಹಾನ್‌ಗೆ ಅರ್ಥವಾಗಲಿಲ್ಲ. "ಎಲ್ಲಿ ಮುಗೀತು?"

"ನಮ್ಮನೆ ಮುಂದೆ ಮುಗೀತು. ಅವನು ಚಾಪೆ ಹೊದ್ದು ಕೂತ, ನಾನು ಎತ್ತಿದೆ. ಈಗ ಅವನ ಮೇಲೆ ಮಾತು ಹೇಳೋದು ಅಂದ್ರೆ ನನ್ನ ಬಾಯಿಂದ ಬಂದಿದ್ದನ್ನ ನಾನೇ ತಿಂದ ಹಾಗೆ."

"ಮಾವ, ಅವನು ಸೈನ್ ಹಾಕ್ದಾಗ ಅವನ ಬಾಯಿಂದ ಬಂದಿದ್ದನ್ನ ಅವನು ತಿನ್ಲಿಲ್ವಾ?"

"ಫಿಲೆಮು, ನೀನು ಸುಮ್ನಿರು."

"ಸುಮ್ನಿದ್ದಿದ್ದಕ್ಕೇ ಮೂರು ಬೆರಳು ಹೋಗಿದ್ದು."

ಹಾನ್ ಹೊರಡುವಾಗ ಇಯೆತಿಯನ್ನು ಕೇಳಿದಳು, "ನೀನೇನಂತೀಯಪ್ಪ?" ಅವನು ಅಜ್ಜನನ್ನು ನೋಡಿ, ನೆಲ ನೋಡಿ, "ಅಜ್ಜ ಚಾಪೆ ಎತ್ತಾಯ್ತಲ್ಲ," ಎಂದ. ಅಷ್ಟೇ.

ಇಷ್ಟಕ್ಕೇ ನಿಂತಿದ್ದರೆ ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆನೇನೋ. ಒಂದು ಸಂಜೆ ಲುಪೆ ಬಂದು ಬೂಟು ಬಿಚ್ಚುತ್ತಾ ಯಾರ ಮುಖವನ್ನೂ ನೋಡದೆ ಹೇಳಿದಳು.

"ನಂಗೆ ಮೇಲಿನ ಕೆಲಸ ಕೊಟ್ಟಿದಾರೆ, ಸಂಬಳ ಜಾಸ್ತಿ. ಸಪೊಲು ಅವ್ರೇ ಹೇಳಿ ಕೊಡ್ಸಿದ್ರು. ಅಣ್ಣನ ಮಷೀನು."

ನಾನು ಹಿಡಿದಿದ್ದ ಪಾತ್ರೆ ಒಲೆಯ ಮೇಲಿಟ್ಟೆ. ಇಲ್ಲದಿದ್ದರೆ ಬೀಳುತ್ತಿತ್ತು.

ಮಾವ ಮಾತ್ರ ತಲೆದೂಗಿದರು. "ನೋಡಿದ್ಯಾ? ನಮ್ಮನೆ ಆದಾಯ ಕಮ್ಮಿ ಆಗ್ಬಾರ್ದು ಅಂತ ಮಾಡಿದಾನೆ. ಕ್ಷಮೆ ಕೇಳಿ ಕೈ ತೊಳ್ಕೊಂಡು ಹೋಗೋ ಜನ ಬೇಕಾದಷ್ಟಿದಾರೆ. ಇವನು ಹಾಗಲ್ಲ."

"ಅಣ್ಣನ ಬೆರಳು ತಿಂದ ಮಷೀನಿಗೆ ತಂಗೀನ ಕೊಡ್ತೀರಾ ಮಾವ?"

"ಕೊಟ್ಟಿದ್ದು ಕೆಲಸ ಕಣಮ್ಮ. ಬೇಡ ಅಂದ್ರೆ ನಮ್ಮ ಮನಸ್ಸಲ್ಲಿ ಇನ್ನೂ ವಿಷ ಇದೆ ಅಂತ ಆಗಲ್ವಾ?"

"ಇದೆ. ಇಲ್ಲ ಅಂದೋರ್ಯಾರು?"

"ಅಮ್ಮ, ಸಾಕು," ಎಂದಳು ಲುಪೆ. "ಈಗ ಮುಚ್ಚಳ ಸರಿಯಾಗಿದೆ. ನಾನು ನೋಡ್ಕೋತೀನಿ."

ಅವಳು ಚಿಕ್ಕಂದಿನಿಂದಲೂ ಸುಳ್ಳು ಹೇಳುವಾಗ ಕಿವಿಯೋಲೆ ಮುಟ್ಟಿಕೊಳ್ಳುತ್ತಾಳೆ. ಅವತ್ತೂ ಮುಟ್ಟಿಕೊಂಡಳು.

ಆ ವಾರಗಳನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಲಾಂಡ್ರಿಯಲ್ಲಿ ಮುದುಕಿಯರ ಹೊದಿಕೆ ಮಡಿಸುತ್ತಿದ್ದರೂ ಕಿವಿ ಜೇಬಿನ ಫೋನಿನ ಮೇಲೇ. ಯಾರದೋ ಫೋನು ರಿಂಗಾದರೆ ನನ್ನದೆಂದು ಜೇಬಿಗೆ ಕೈ ಹಾಕುತ್ತಿದ್ದೆ. ಮನೆಯಲ್ಲಿ ಒಂದು ಚಮಚ ಕೆಳಗೆ ಬಿದ್ದರೆ ಇಯೆತಿಯೂ ನಾನೂ ಒಟ್ಟಿಗೇ ಬೆಚ್ಚುತ್ತಿದ್ದೆವು. ಬೆಚ್ಚಿ, ಒಬ್ಬರ ಮುಖ ಒಬ್ಬರು ನೋಡದೆ, ನಮ್ಮ ನಮ್ಮ ಕೆಲಸಕ್ಕೆ ತಿರುಗುತ್ತಿದ್ದೆವು. ಲುಪೆಯ ಕಾರು ಬರುವ ಹೊತ್ತಿಗೆ ನಾನು ಬೇಕೆಂದೇ ಹೊರಗೆ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಾ ನಿಲ್ಲುತ್ತಿದ್ದೆ. ಕೆಲವು ದಿನ ಅವು ಇನ್ನೂ ಒಣಗಿರುತ್ತಿರಲಿಲ್ಲ.

"ಕೈ ತೋರ್ಸು," ಎನ್ನುತ್ತಿದ್ದೆ.

ಅವಳು ಕಾರಿನಿಂದಿಳಿದು ಎರಡೂ ಕೈ ಅಗಲಿಸಿ ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದಳು. "ಎಣಿಸ್ಕೋ. ಹತ್ತೂ ಇವೆ. ಬೆಳಿಗ್ಗೆ ಕೊಟ್ಟಷ್ಟೇ ವಾಪಸ್ ತಂದಿದೀನಿ."

"ಹುಡುಗಾಟ ಆಡ್ಬೇಡ."

"ಆಡ್ದೆ ಇನ್ನೇನು ಮಾಡ್ಲಿ ಅಮ್ಮ? ನೀನು ಹೆದ್ರೋದು ನೋಡಿ ನೋಡಿ ನಂಗೆ ಅಲ್ಲಿ ಕೈ ನಡುಗತ್ತೆ. ಆ ಮಷೀನಿಗೆ ನಡುಗೋ ಕೈ ಆಗ್ಬರಲ್ಲ."

ಅಲ್ಲಿಂದ ನಾನು ಕೇಳುವುದನ್ನು ಬಿಟ್ಟೆ. ಊಟಕ್ಕೆ ಬಡಿಸುವಾಗ ಕದ್ದು ಎಣಿಸುತ್ತಿದ್ದೆ.

ಒಗೆಯುವ ಮುಂಚೆ ಜೇಬು ತಡವುವುದು ನನ್ನ ಅಭ್ಯಾಸ. ಒಂದು ಶನಿವಾರ ಲುಪೆಯ ಜಾಕೆಟ್ಟಿನ ಒಳಜೇಬಿನಲ್ಲಿ ಮುದ್ದೆಯಾದ ನೀಲಿ ಕೈಗವಸು ಸಿಕ್ಕಿತು. ಕತ್ತಿ ತಾಗಿದರೂ ಹರಿಯದ ದಪ್ಪ ನೂಲಿನದು. ಬಿಡಿಸಿ ನೋಡಿದೆ. ಎರಡು ಬೆರಳಿನ ತುದಿ ಇರಲಿಲ್ಲ. ಕತ್ತರಿಸಿದ್ದಲ್ಲ, ಮಷೀನಿನ ಹಲ್ಲು ಕಚ್ಚಿ ಎಳೆದು ಹರಿದ ಹಾಗಿತ್ತು. ನನ್ನ ಬೆರಳು ಅದರೊಳಗೆ ತೂರಿಸಿದೆ. ತುದಿಗಳು ಹೊರಬಂದವು. ಅಲ್ಲೇ ತೊಳೆಯುವ ಕಟ್ಟೆ ಹಿಡಿದು ಕೂತುಬಿಟ್ಟೆ.

ಭಾನುವಾರದ ಊಟ ನಮ್ಮಲ್ಲಿ ದೊಡ್ಡದು. ಮೊದಲೆಲ್ಲ ಚರ್ಚಿಗೆ ಹೋಗುವ ಮುಂಚೆ ಇಯೆತಿ ತುರಿಯುವ ಮಣೆಯ ಮೇಲೆ ಕೂತು ಕಾಯಿ ತುರಿದು ಹಾಲು ಹಿಂಡಿಕೊಡುತ್ತಿದ್ದ. ಕೆಸುವಿನ ಎಲೆಯಲ್ಲಿ ಕಾಯಿಹಾಲು ಕಟ್ಟಿ ಬೇಯಿಸುವುದು ನನ್ನ ಕೆಲಸ. ಈಗ ಡಬ್ಬದ ಹಾಲು. ಯಾರೂ ರುಚಿಯ ಮಾತೆತ್ತುತ್ತಿರಲಿಲ್ಲ. ಅವತ್ತು ಚರ್ಚಿನಿಂದ ಬಂದು, ಬಿಳಿ ಬಟ್ಟೆಯಲ್ಲೇ ಎಲ್ಲರೂ ಕೂತರು. ಮಾವ ಪ್ರಾರ್ಥನೆ ಮುಗಿಸಿ ಕಣ್ಣು ತೆರೆದರು. ಅವರ ತಟ್ಟೆಯಲ್ಲಿ ಎಲೆಯ ಗಂಟಿನ ಪಕ್ಕ ನಾನು ಆ ಕೈಗವಸು ಇಟ್ಟಿದ್ದೆ.

"ಇದೇನು?"

"ನಿಮ್ಮ ಮೊಮ್ಮಗಳಿಗೆ ಸಪೊಲು ಕೊಡ್ಸಿದ ಮೇಲಿನ ಕೆಲಸ ಮಾವ. ಮೊದಲ ತುತ್ತು ನಿಮಗೇ ಅಲ್ವಾ."

"ಅಮ್ಮ," ಎಂದಳು ಲುಪೆ. "ಏನೂ ಆಗಿಲ್ಲ. ಗ್ಲೌಸ್ ಸ್ವಲ್ಪ ದೊಡ್ಡದಿತ್ತು, ತುದಿ ಖಾಲಿ ಇತ್ತು. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತೀರಲ್ಲ."

ಮಾವ ಕೈಗವಸನ್ನು ಎತ್ತಿ ತಿರುಗಿಸಿ ನೋಡಿದರು.

"ಆ ಅಯಸ್ಕಾಂತ ಇನ್ನೂ ಇದೆಯಾ?"

"ಇದೆ ಅಜ್ಜ."

"ಸಪೊಲುಗೆ ಗೊತ್ತಾ?"

ಲುಪೆ ಕಿವಿಯೋಲೆ ಮುಟ್ಟಲಿಲ್ಲ. "ದಿನಾ ಬೆಳಿಗ್ಗೆ ಅವ್ರೇ ಅಂಟಿಸ್ತಾರೆ ಅಜ್ಜ."

ಅಲ್ಲಿಯವರೆಗೆ ತಲೆ ತಗ್ಗಿಸಿದ್ದ ಇಯೆತಿ ಬಲಗೈ ಎತ್ತಿ ಮೇಜಿನ ಮೇಲಿಟ್ಟ. ಬ್ಯಾಂಡೇಜು ಬಿಚ್ಚಿಯಾಗಿತ್ತು. ಊಟದ ಹೊತ್ತಲ್ಲಿ ಅದನ್ನು ಅವನು ಯಾವತ್ತೂ ಮೇಲೆ ತಂದವನಲ್ಲ.

"ಅಜ್ಜ, ಕೈ ನಂದು. ಚಾಪೆ ಎತ್ತೋ ಮುಂಚೆ ನನ್ನ ಒಂದು ಮಾತು ಕೇಳಿದ್ರಾ?"

ನಮ್ಮ ಮನೆಯಲ್ಲಿ ಮತಾಯಿಗೆ ಯಾರೂ ಹೀಗೆ ಮಾತಾಡಿದ್ದಿಲ್ಲ. ನಾನೂ ಹೆದರಿದೆ. ಈಗ ಮುದುಕರು ಎದ್ದು ಹೋಗುತ್ತಾರೆ, ಈ ಮನೆ ಇವತ್ತಿಗೆ ಎರಡಾಯಿತು ಎಂದುಕೊಂಡೆ.

ಅವರು ಏಳಲಿಲ್ಲ. ಆ ಕೈಯನ್ನೇ ನೋಡಿದರು. "ಕೇಳ್ಲಿಲ್ಲ," ಎಂದರು. "ಕೇಳ್ಬೇಕಿತ್ತು ಕಂದ." ತಟ್ಟೆ ಮುಂದಕ್ಕೆ ಸರಿಸಿದರು. ಅವರು ಉಣ್ಣಲಿಲ್ಲ, ಆದ್ದರಿಂದ ನಾವೂ ಉಣ್ಣಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಪೆಟ್ಟಿಗೆಯಿಂದ ಅವನ ಚಾಪೆ ತೆಗಿ ಫಿಲೆಮು. ಕಾರು ಹೊರಗೆ ತಗೋ," ಎಂದರು.

ಸಪೊಲು ತನ್ನ ಗ್ಯಾರೇಜಿನಲ್ಲಿ ಚರ್ಚಿನ ಮಕ್ಕಳಿಗೆ ಬಿಳಿ ಭಾನುವಾರದ, ಅಂದರೆ ಮಕ್ಕಳ ಹಬ್ಬದ, ಪಾಠ ಒಪ್ಪಿಸುವುದನ್ನು ಕಲಿಸುತ್ತಿದ್ದ. ಮಾವನ ಕೈಯಲ್ಲಿ ಮಡಿಸಿದ ಚಾಪೆ ಕಂಡದ್ದೇ ಮಕ್ಕಳನ್ನು ಒಳಗೆ ಕಳಿಸಿದ.

"ಫೊನೋತಿಯವರೇ, ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ." ಮಾವ ಚಾಪೆಯನ್ನು ಅವನ ಕಾಲ ಬಳಿ ಮೆಟ್ಟಿಲ ಮೇಲಿಟ್ಟು, ಅದರ ಮೇಲೆ ಹರಿದ ಕೈಗವಸು ಇಟ್ಟರು. "ಆಗಿದ್ದಕ್ಕೆ ಕ್ಷಮಿಸಿದ್ದೆ ಸಪೊಲು. ಇನ್ನು ಆಗೋದಕ್ಕೆ ನಾನು ಕ್ಷಮಿಸಿರ್ಲಿಲ್ಲ."

"ನಾನು ಅದನ್ನ ತೆಗೆದ್ರೆ ಲೈನು ನಿಧಾನ ಆಗತ್ತೆ. ಲೈನು ನಿಧಾನ ಆದ್ರೆ ನಾಳೆ ನನ್ನ ಜಾಗದಲ್ಲಿ ಇನ್ನೊಬ್ಬ. ಅವನೂ ಅಂಟಿಸ್ತಾನೆ. ನಂಗೂ ಮಕ್ಕಳಿದಾರೆ."

"ಅವ್ರ ಕೈಯಲ್ಲಿ ಬೆರಳಿವೆ ತಾನೇ?" ಎಂದೆ ನಾನು. ಇಂಥ ಮಾತಿನ ನಡುವೆ ಹೆಂಗಸು ಬಾಯಿ ಹಾಕಬಾರದು. ಮಾವ ನನ್ನನ್ನು ತಡೆಯಲಿಲ್ಲ.

ಸಪೊಲು ಚಾಪೆ ಮುಟ್ಟಲಿಲ್ಲ. "ಇದನ್ನ ವಾಪಸ್ ಕೊಟ್ರೆ ನಾನು ಚರ್ಚಲ್ಲಿ ತಲೆ ಎತ್ತೋದು ಹೇಗೆ?"

"ಕೊಟ್ಟ ಕ್ಷಮೆ ವಾಪಸ್ ತಗೊಂಡೋನು ನಾನು. ನಾನೂ ಎತ್ತಲ್ಲ ಬಿಡು. ಇಬ್ರೂ ತಗ್ಗಿಸ್ಕೊಂಡೇ ಕೂರೋಣ."

ವಾಪಸ್ ಬರುವಾಗ ಕಾರಿನಲ್ಲಿ ಅವರು ಖಾಲಿ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದು, ಅಯ್ಯೋ ಅನ್ನಿಸಿತು. ಈ ವಯಸ್ಸಿನಲ್ಲಿ ಅವರಿಗಿದ್ದ ಆಸ್ತಿ ಆ ಒಂದು ಮಾತು. ಅದನ್ನು ಮೆಟ್ಟಿಲ ಮೇಲೆ ಇಟ್ಟು ಬಂದಿದ್ದರು.

ಇಯೆತಿ ಹೇಳಿಕೆ ಕೊಡಲು ಒಪ್ಪಿದ. ಇನ್‌ಸ್ಪೆಕ್ಟರು ಬರುವ ಹಿಂದಿನ ಸಂಜೆ ಹಾನ್ ಮತ್ತೆ ಬಂದಳು. ಆಗ ನನಗೂ ಲುಪೆಗೂ ಜಗಳ.

"ನಾಳೆ ನೀನು ಹೋಗೋದು ಬೇಡ. ಹುಷಾರಿಲ್ಲ ಅಂತ ಫೋನ್ ಮಾಡು."

"ನಾನು ಹೋಗ್ದಿದ್ರೆ ಲಿನ್‌ನ ನಿಲ್ಲಿಸ್ತಾರೆ ಅಮ್ಮ. ಬಂದು ಇನ್ನೂ ತಿಂಗಳಾಗಿಲ್ಲ ಆ ಹುಡುಗಿ. ನಂಗೆ ಗೊತ್ತಿರೋಷ್ಟೂ ಅವಳಿಗೆ ಗೊತ್ತಿಲ್ಲ."

"ಲಿನ್‌ಗೆ ಅವಳಮ್ಮ ಇದಾಳೆ."

"ಇಲ್ಲ. ಅವಳಮ್ಮ ಊರಲ್ಲಿದಾಳೆ. ದಿನಾ ಫೋನ್ ಮಾಡ್ತಾಳೆ, ನಿನ್ ಥರಾನೇ."

ಹಾನ್ ನನ್ನ ಕೈ ಹಿಡಿದಳು. "ಅಕ್ಕ, ಕೆಲಸ ಮಾಡಿದ್ರೆ ಕೈ ಹೋಗತ್ತೆ ಅನ್ನೋ ಕಡೆ ಕೆಲಸ ನಿಲ್ಲಿಸೋ ಹಕ್ಕು ಕಾನೂನಲ್ಲೇ ಇದೆ. ಲುಪೆ ಕೆಂಪು ಬಟನ್ ಒತ್ಲಿ, ನಾನು ಪಕ್ಕ ನಿಂತಿರ್ತೀನಿ. ಇನ್‌ಸ್ಪೆಕ್ಟರು ಇಲ್ಲಿಂದ ನೇರ ಅಲ್ಲಿಗೆ ಬರೋವರೆಗೆ ಅಯಸ್ಕಾಂತ ಯಾರೂ ಕೀಳೋ ಹಾಗಿಲ್ಲ."

"ಬಟನ್ ಒತ್ತೋಕೆ ಅದರ ಹತ್ರ ಹೋಗ್ಬೇಕಲ್ಲ," ಎಂದೆ.

ಹಾನ್ ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಬೆಳಿಗ್ಗೆ ಲುಪೆ ಹೊರಟಾಗ ನಾನು ಬಾಗಿಲಿಗೂ ಹೋಗಲಿಲ್ಲ. ಹೋಗಿದ್ದರೆ ಕಾರಿಗೆ ಅಡ್ಡ ಮಲಗುತ್ತಿದ್ದೆ. ಮಾವ ಹೋಗಿ ಅವಳ ಎರಡೂ ಕೈ ಹಿಡಿದು ಪ್ರಾರ್ಥನೆ ಹೇಳಿದರು. ಆಮೇಲೆ ಒಳಗೆ ಬಂದು ಇಯೆತಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರು.

ಇನ್‌ಸ್ಪೆಕ್ಟರು ನೆರೆತ ಕೂದಲಿನ ಹೆಂಗಸು. ಬಾಗಿಲಲ್ಲಿ ಕೇಳದೆಯೇ ಬೂಟು ಬಿಚ್ಚಿದಳು. ಇಯೆತಿ ಅಜ್ಜನ ಕಡೆ ನೋಡಿದ.

"ಹೇಳು," ಎಂದರು ಮಾವ. "ನಿನ್ನ ಕೈ. ನೀನೇ ಹೇಳು."

ಅವನು ಹೇಳತೊಡಗಿದ. ಚರ್ಮ ಸಿಕ್ಕಿಕೊಂಡದ್ದು, ಬೆಳಿಗ್ಗೆ ಬೆಳಿಗ್ಗೆ ಅಯಸ್ಕಾಂತ ಅಂಟಿಸುವುದು, ಕಿತ್ತರೆ ಬೈಗುಳ, ಮುಚ್ಚಳ ಎತ್ತಿ ಎಳೆ ಎಂದು ಸಪೊಲು ಕೂಗಿದ್ದು. ಇಷ್ಟು ದಿನ ನನಗೂ ಹೇಳಿರಲಿಲ್ಲ ಅದನ್ನು. ನಾನು ಕೆಲಸವಿರಲೆಂದು ಕೆಸುವಿನ ಗೆಡ್ಡೆ ಹೆರೆಯುತ್ತಾ ಕೂತಿದ್ದೆ. ಆಗ ಫೋನು ರಿಂಗಾಯಿತು.

ಫ್ಯಾಕ್ಟರಿಯ ನಂಬರು.

ಎಲ್ಲರೂ ನನ್ನನ್ನು ನೋಡಿದರು. ನನ್ನ ಕೈ ಮೇಲೇಳಲಿಲ್ಲ. ಎತ್ತದಿದ್ದರೆ ಏನೂ ಆಗಿರುವುದಿಲ್ಲ ಅನ್ನಿಸಿತು. ರಿಂಗಾಗುತ್ತಲೇ ಇತ್ತು. ಇಯೆತಿ ಎದ್ದು ಬಂದು, ಉಳಿದ ಎರಡು ಬೆರಳಲ್ಲಿ ಫೋನು ಹಿಡಿದು, ನನ್ನ ಕಿವಿಗಿಟ್ಟ.

ಏನೂ ಕೇಳಿಸಲಿಲ್ಲ. ಗರಗರವಿಲ್ಲ. ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು, ಯಾರೋ ಕೆಮ್ಮಿದರು.

"ಅಮ್ಮ?"

"ಕೈ?" ಎಂದೆ.

"ಹತ್ತೂ ಇವೆ. ನಿಲ್ಲಿಸ್ಬಿಟ್ಟೆ ಅಮ್ಮ. ಲೈನ್ ಪೂರ್ತಿ ನಿಂತಿದೆ, ಕೇಳಿಸ್ತಿದೆಯಾ? ಲಿನ್ ನನ್ನ ಪಕ್ಕ ನಿಂತಿದಾಳೆ. ಹಾನ್ ಅಕ್ಕ ಅಯಸ್ಕಾಂತದ ಮುಂದೆ ನಿಂತಿದಾರೆ, ಯಾರಿಗೂ ಮುಟ್ಟೋಕೆ ಬಿಡ್ತಿಲ್ಲ."

"ಸಪೊಲು?"

"ಒಂದು ಕ್ರೇಟ್ ಮೇಲೆ ಕೂತಿದಾರೆ. ತಲೆ ತಗ್ಗಿಸ್ಕೊಂಡು. ಏನೂ ಅಂತಿಲ್ಲ." ಅವಳ ಉಸಿರು ನನ್ನ ಕಿವಿಯಲ್ಲಿ ಬಡಿಯುತ್ತಿತ್ತು. "ಮ್ಯಾನೇಜರು ಮೆಟ್ಟಿಲಿಳಿದು ಬರ್ತಿದಾರೆ ಅಮ್ಮ. ನಂಗೆ ತುಂಬಾ ಭಯ ಆಗ್ತಿದೆ."

ನನಗೂ ಆಗುತ್ತಿತ್ತು. ಅವಳಿಗೆ ಅದನ್ನು ಹೇಳಿದೆ. "ನಂಗೂ ಆಗ್ತಿದೆ ಕಣೇ. ಆಗ್ಲಿ ಬಿಡು. ನೀನು ಕೈ ಕಟ್ಕೊಂಡು ನಿಂತ್ಕೋ. ಹತ್ತೂ ಬೆರಳು ಒಳಗಿರ್ಲಿ."